ದೂರದ ತೇರು ನಡುಗದಂತೆ: ಟಿವಿ ಜೂಮ್ ಲೆನ್ಸ್ ನಡೆದು ಬಂದ ದಾರಿ

ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ತೇರು ಎಳೆಯುವ ದಿನ ಕ್ಯಾಮೆರಾಕ್ಕೆ ಜಾಗ ಸಿಗೋದೇ ಕಷ್ಟ. ತೇರುಬೀದಿಯಲ್ಲಿ ಕಾಲಿಡಲೂ ಆಗದಷ್ಟು ಜನ. ಹಾಗಾಗಿ ನಾವು ದೂರದಲ್ಲಿ ಅಟ್ಟಣಿಗೆ ಕಟ್ಟಿಸುತ್ತೇವೆ. ಒಂದು ವರ್ಷ ನಾನು ಅಟ್ಟಣಿಗೆ ಮೇಲೆ ನಿಂತು ತೇರಿನ ಕಳಸಕ್ಕೆ ಪೂರ್ತಿ ಜೂಮ್ ಮಾಡಿದೆ. ಕೆಳಗೆ ಹುಡುಗರು ಕಂಬ ಹಿಡಿದು ಕುಣಿಯುತ್ತಿದ್ದರು. ವ್ಯೂಫೈಂಡರಿನಲ್ಲಿ ಕಳಸ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಯಾವ ಕ್ಯಾಮೆರಾದ ಚಿತ್ರ ಹೋಗಬೇಕು ಅಂತ ಆರಿಸುವ ಸ್ವಿಚರ್ ಮುಂದೆ ಕೂತಿದ್ದ ಹುಡುಗನ ದನಿ ಕಿವಿಗೆ ಬಂತು: "ಅಣ್ಣಾ, ಟೈಟ್ ಬೇಡ, ಶೇಕ್ ಆಗ್ತೈತೆ. ಸ್ವಲ್ಪ ಲೂಸ್ ಮಾಡಣ್ಣ."

ಲೂಸ್ ಮಾಡಿದೆ. ಕಳಸ ಜನರ ನಡುವೆ ಒಂದು ಚುಕ್ಕಿಯಾಯಿತು. ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಮೈದಾನದ ಆ ತುದಿಯಿಂದ ಬೌಲರಿನ ಬೆರಳು ಅಲುಗದೆ ಕಾಣುತ್ತದಲ್ವಾ, ಅದು ಹೇಗೆ ಸಾಧ್ಯ ಅನ್ನೋದು ಅಂದಿನಿಂದ ನನ್ನ ತಲೆಯಲ್ಲಿ ಕೂತಿತು.

ಮೊದಲು ಒಂದು ಲೆಕ್ಕ. ಟಿವಿಯ ದೊಡ್ಡ ಕ್ಯಾಮೆರಾಗಳಲ್ಲಿ ಸೆನ್ಸರಿನ ಮೇಲೆ ಬೀಳುವ ಚಿತ್ರದ ಅಗಲ ಸುಮಾರು 9.6 ಮಿಲಿಮೀಟರ್. ಫೋಕಲ್ ಲೆಂತ್ ಜಾಸ್ತಿಯಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತರುತ್ತದೆ. ಸೆನ್ಸರಿನ ಮುಂದೆ 1000 ಮಿ.ಮೀ. ಫೋಕಲ್ ಲೆಂತ್ ಇದ್ದರೆ ಕಾಣೋದು ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ ಅಷ್ಟೇ. ಹುಣ್ಣಿಮೆ ಚಂದ್ರನಿಗೆ ಹಿಡಿದರೆ ಅವನು ಎಡದಿಂದ ಬಲಕ್ಕೆ ಹೆಚ್ಚುಕಡಿಮೆ ಪರದೆ ತುಂಬುತ್ತಾನೆ, ಮೇಲೂ ಕೆಳಗೂ ಕತ್ತರಿಸಿ ಹೋಗುತ್ತಾನೆ. ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920 ಚುಕ್ಕಿ. ಒಂದೊಂದಕ್ಕೆ ಸಿಗೋದು 5 ಮೈಕ್ರಾನ್ ಜಾಗ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕ್ಯಾಮೆರಾ, ಲೆನ್ಸ್ ಸೇರಿ ಒಂದು ಮೀಟರ್ ಉದ್ದ ಅಂದುಕೊಳ್ಳಿ. ಒಂದು ತುದಿಯ ಕೆಳಗೆ ಒಂದೇ ಒಂದು ತಲೆಗೂದಲು ಇಡಿ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಷ್ಟಕ್ಕೇ ಚಿತ್ರ 14 ಚುಕ್ಕಿ ಜರುಗುತ್ತದೆ. ಫೋಕಲ್ ಲೆಂತ್ ಡಬಲ್ ಮಾಡುವ ಎಕ್ಸ್‌ಟೆಂಡರ್ ಹಾಕಿದರೆ 28.

ಅಟ್ಟಣಿಗೆ ನೆಟ್ಟಗೆ ಮೇಲೆ ಕೆಳಗೆ ಒಂದು ಮಿಲಿಮೀಟರ್ ಹೋದರೆ ಏನೂ ಆಗಲ್ಲ. ದೂರದ ಕಳಸವೂ ಒಂದು ಮಿಲಿಮೀಟರ್ ಜರುಗಿದಂತೆ, ಅಷ್ಟೇ. ಅಟ್ಟಣಿಗೆ ವಾಲಿದರೆ ಮಾತ್ರ ಕೆಟ್ಟಿತು.

ಹಳೇ ಕಾಲದ ಟಿವಿಗೆ ಈ ತಲೆನೋವು ಇರಲಿಲ್ಲ, ಯಾಕೆಂದರೆ ಅಷ್ಟು ದೂರ ನೋಡುವ ಜೂಮೇ ಇರಲಿಲ್ಲ. ತಿರುಗುವ ತಟ್ಟೆಯ ಮೇಲೆ ಮೂರು ನಾಲ್ಕು ಲೆನ್ಸ್ ಕೂರಿಸಿ ಬೇಕಾದ್ದನ್ನು ಮುಂದೆ ತರುತ್ತಿದ್ದರು. 1940ರ ದಶಕದ ಕೊನೆಗೆ ಫ್ರಾಂಕ್ ಬ್ಯಾಕ್ ಅವರ ಜೂಮಾರ್ ಲೆನ್ಸ್ ಬಂತು. 1950ರ ದಶಕದ ಕೊನೆಗೆ ಫ್ರಾನ್ಸಿನ ಆಂಜೆನ್ಯೂ ಕಂಪನಿ 10 ಪಟ್ಟು ಜೂಮ್ ಕೊಟ್ಟಿತು. ಆಮೇಲೆ ಜೂಮ್ ಬೆಳೆಯುತ್ತಲೇ ಹೋಯಿತು. ಅಲುಗಾಟಕ್ಕೆ ಇದ್ದ ಮದ್ದು ಒಂದೇ: ಭಾರವಾದ ಸ್ಟ್ಯಾಂಡ್, ಗಟ್ಟಿ ನೆಲ, ಪಳಗಿದ ಕೈ.

ಲೆನ್ಸಿನ ದಾರಿಯಲ್ಲೇ ಅಲುಗಾಟ ತಡೆಯುವ ಯೋಚನೆಯೂ ಹೊಸದಲ್ಲ. ಸ್ಪೇನ್ ಮೂಲದ ಹುವಾನ್ ಡೆ ಲಾ ಸಿಯೆರ್ವಾ 1960ರ ದಶಕದಲ್ಲಿ ಡೈನಾಲೆನ್ಸ್ ಮಾಡಿದರು. ಎರಡು ಗಾಜಿನ ಬಿಲ್ಲೆ, ನಡುವೆ ದ್ರವ, ಸುತ್ತ ತಿದಿಯ ಹಾಗೆ ಮಡಿಕೆಯ ಪಟ್ಟಿ. ಕ್ಯಾಮೆರಾ ಎಷ್ಟು ವಾಲಿತು ಅಂತ ಗುರುತಿಸುವ ಗೈರೋ ಹೇಳಿದಂತೆ ಬಿಲ್ಲೆಗಳು ವಾಲುತ್ತವೆ. ದ್ರವ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿ ಬೆಳಕನ್ನು ಬೇಕಾದಷ್ಟೇ ಬಗ್ಗಿಸುತ್ತದೆ. ಇದಕ್ಕೆ 1970ರಲ್ಲಿ ಆಸ್ಕರ್ ತಾಂತ್ರಿಕ ಪ್ರಶಸ್ತಿ ಬಂತು. ಎಷ್ಟು ಸರಳ, ಎಷ್ಟು ಚೆಂದದ ಉಪಾಯ! ಕ್ಯಾನನ್ 1990ರ ದಶಕದಲ್ಲಿ ಇದೇ ಬಗೆಯ ಪ್ರಿಸಂ ಅನ್ನು ಚಿಕ್ಕ ವಿಡಿಯೋ ಕ್ಯಾಮೆರಾಗಳಿಗೆ ಇಳಿಸಿತು. ಅಷ್ಟರಲ್ಲಿ ತಿರುಗುವ ಚಕ್ರದ ಗೈರೋ ಹೋಗಿ, ಕಂಪಿಸುವ ಪುಟ್ಟ ಸೆನ್ಸರ್ ಬಂದಿತ್ತು.

ಆದರೆ ಮೈದಾನದ ಲೆನ್ಸಿಗೆ ಇದು ಒಗ್ಗುವಂತಿರಲಿಲ್ಲ. ಬಾಕ್ಸ್ ಲೆನ್ಸ್ ಅಂದರೆ 20 ಕೆಜಿಗಿಂತ ಜಾಸ್ತಿ ತೂಕದ ಪೆಟ್ಟಿಗೆ, ಮುಂದಿನ ಗಾಜು ಊಟದ ತಟ್ಟೆಯಷ್ಟು. ಅದರ ಮುಂದೆ ಅಷ್ಟೇ ದೊಡ್ಡ ದ್ರವದ ಪ್ರಿಸಂ ಇಟ್ಟು ಸೆಕೆಂಡಿಗೆ ಹತ್ತು ಸಲ ವಾಲಿಸೋದು ಆಗುವ ಮಾತಲ್ಲ. ಬೆಳಕು ಬಗ್ಗಿದಾಗ ಬಣ್ಣಗಳೂ ಬೇರೆಯಾಗುತ್ತವೆ. ಉದ್ದ ಜೂಮಿನಲ್ಲಿ ಅಂಚಿನ ಬಣ್ಣ ಎದ್ದು ಕಾಣುತ್ತದೆ.

ಉತ್ತರ ಲೆನ್ಸಿನ ಒಳಗೇ ಇತ್ತು. ಮುಂದೆ ಅಗಲವಾಗಿ ಹೊಕ್ಕ ಬೆಳಕು ಹಿಂದಕ್ಕೆ ಬರುತ್ತಾ ಕಿರಿದಾಗುತ್ತದೆ. ಅಲ್ಲಿರುವ ಚಿಕ್ಕ ಗಾಜಿನ ಗುಂಪೊಂದನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಿದರೆ ಸಾಕು, ಚಿತ್ರ ಜಾಗಕ್ಕೆ ಬರುತ್ತದೆ. ಎಷ್ಟು ಸರಿಸಬೇಕು ಅನ್ನೋದು ಜೂಮ್ ಎಲ್ಲಿದೆ ಅನ್ನುವುದರ ಮೇಲಿದೆ, ಹಾಗಾಗಿ ಲೆನ್ಸಿನೊಳಗಿನ ಕಂಪ್ಯೂಟರ್ ಅದನ್ನೂ ಕ್ಷಣಕ್ಷಣ ನೋಡುತ್ತಿರಬೇಕು. 2000ದ ಆಸುಪಾಸಿನಲ್ಲಿ ಕ್ಯಾನನ್ 86 ಪಟ್ಟಿನ ಬಾಕ್ಸ್ ಲೆನ್ಸಿನಲ್ಲಿ ಇದನ್ನು ತಂದಿತು. ಬೇಗನೇ 9.3ರಿಂದ 930 ಮಿ.ಮೀ.ವರೆಗಿನ 100 ಪಟ್ಟಿನದೂ ಬಂತು. ಫ್ಯೂಜಿನಾನ್ 101 ಪಟ್ಟಿನ ಲೆನ್ಸ್ ತಂದು ಪೈಪೋಟಿಗೆ ಇಳಿಯಿತು.

ನನ್ನ ಪ್ರಕಾರ ನಿಜವಾದ ಕಷ್ಟ ಅಲುಗಾಟ ತಡೆಯೋದಲ್ಲ. ಯಾವುದು ಕ್ಯಾಮೆರಾಮನ್ನಿನ ಇಷ್ಟ, ಯಾವುದು ಅಲುಗಾಟ ಅಂತ ಗುರುತಿಸೋದು. ಬೌಲರ್ ಓಡುತ್ತಾನೆ, ನಾವು ಪ್ಯಾನ್ ಮಾಡುತ್ತೇವೆ, ಅಂದರೆ ಅವನ ಜೊತೆ ಕ್ಯಾಮೆರಾ ತಿರುಗಿಸುತ್ತೇವೆ. ಗೈರೋಗೆ ಅದೂ ಅಲುಗಾಟವೇ. ತಡೆಯಲು ಹೋಗುತ್ತದೆ. ಚಿತ್ರ ಒಂದು ಕ್ಷಣ ಅಂಟಿಕೊಂಡು, ಆಮೇಲೆ ಜಗ್ಗಿದಂತೆ ಬರುತ್ತದೆ. ಕೈ ನಿಲ್ಲಿಸಿದ ಮೇಲೂ ಚಿತ್ರ ಚೂರು ತೇಲುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಕ್ಯಾಚ್ ಕೈತಪ್ಪಬಹುದು! ನಡುಕ ಹಿಂದೆ ಮುಂದೆ ಬೇಗ ಬೇಗ ಓಡಾಡುತ್ತದೆ, ಪ್ಯಾನ್ ಒಂದೇ ಕಡೆಗೆ ಸಾಗುತ್ತದೆ. ಕಂಪ್ಯೂಟರ್ ಈ ವ್ಯತ್ಯಾಸ ಹಿಡಿದು, ಪ್ಯಾನ್ ಶುರುವಾದರೆ ಮೆಲ್ಲಗೆ ಹಿಡಿತ ಬಿಡುತ್ತದೆ. ಆದರೆ ಗಾಳಿಯ ನಿಧಾನ ತೂಗಾಟ ಪ್ಯಾನಿನ ಶುರುವಿನ ಹಾಗೇ ಇರುತ್ತದೆ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡದ ಮೇಲೆ, ಗಾಳಿಯಂತ್ರಗಳ ಸಾಲಿನ ಪಕ್ಕ ಸ್ಟ್ಯಾಂಡ್ ಹಾಕಿದವರಿಗೆ ಆ ತೂಗಾಟ ಚೆನ್ನಾಗಿ ಗೊತ್ತು. ಎಷ್ಟೋ ಕ್ಯಾಮೆರಾಮನ್‌ಗಳು ಲೆನ್ಸಿನ ಸ್ವಿಚ್ ಮೇಲೆ ಬೆರಳಿಟ್ಟು, ಬೇಕಾದಾಗ ಮಾತ್ರ ಆನ್ ಮಾಡುತ್ತಾರೆ.

4ಕೆ ಬಂದ ಮೇಲೆ ಅಡ್ಡಕ್ಕೆ 3840 ಚುಕ್ಕಿ. ಅದೇ ತಲೆಗೂದಲಿಗೆ ಈಗ 14ರ ಬದಲು 28 ಚುಕ್ಕಿ. ಜೂಮ್ ಕೂಡ ನಿಂತಿಲ್ಲ. ಫ್ಯೂಜಿನಾನಿನ 125 ಪಟ್ಟಿನದು, ಕ್ಯಾನನ್ನಿನ 122 ಪಟ್ಟಿನದು, ಎರಡೂ 1000 ಮಿ.ಮೀ. ಮುಟ್ಟಿವೆ.

ಇಂಥ ಲೆನ್ಸ್ ಹಾಕಿದರೂ ನಾಯಕನಹಟ್ಟಿಯಲ್ಲಿ ಒಂದು ತೊಂದರೆ ಉಳಿಯುತ್ತದೆ. ಮಾರ್ಚ್ ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಏಳುತ್ತದೆ. ಕ್ಯಾಮೆರಾ ಕದಲದೆ ನಿಂತಿದ್ದರೂ ಕಳಸದ ಅಂಚು ನೀರಿನೊಳಗೆ ಇದ್ದಂತೆ ಕುಲುಕುತ್ತದೆ. ಕ್ಯಾಮೆರಾ ಅಲುಗದ ಕಾರಣ ಗೈರೋಗೂ ಗೊತ್ತಾಗಲ್ಲ, ಚಿತ್ರದ ಒಂದೊಂದು ಭಾಗ ಒಂದೊಂದು ಕಡೆ ಜರುಗುವುದರಿಂದ ಒಳಗಿನ ಗಾಜು ಸರಿಸಿದರೂ ಸರಿಹೋಗಲ್ಲ. ಅದಕ್ಕೆ ಈಗಲೂ ನಾವು ಕಳಸದ ಟೈಟ್ ಶಾಟ್ ಅನ್ನು ಬಿಸಿಲು ಇಳಿದ ಮೇಲೆಯೇ ತೆಗೆಯುತ್ತೇವೆ.