ಪದ ಪರಿಚಯ: ಕುದುರೆಯ ಕುಂಟು

ನಿನ್ನೆ ಸಂಜೆ ಲಾಯಕ್ಕೆ ಕಟ್ಟುವಾಗ ಕುದುರೆ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ನೋಡಿದರೆ ಒಂದು ಮುಂಗಾಲು ಊರುತ್ತಿಲ್ಲ. ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿದೆ. ಊತವಿಲ್ಲ, ಗಾಯವಿಲ್ಲ, ರಕ್ತವಿಲ್ಲ. ಕಾಲು ಮುರಿದೇ ಹೋಯಿತು ಅಂತ ನೋಡಿದವರ ಎದೆ ಧಸಕ್ಕೆನ್ನುತ್ತದೆ.

ಇದಕ್ಕೆ ನಾವು ಕುಂಟು ಅನ್ನುತ್ತೇವೆ. ಪಶುವೈದ್ಯರು ಲೇಮ್‌ನೆಸ್ ಅನ್ನುತ್ತಾರೆ. ಆದರೆ ಅದು ರೋಗದ ಹೆಸರಲ್ಲ. ಜ್ವರ ಇದ್ದ ಹಾಗೆ, ಒಳಗೆ ಏನೋ ಕೆಟ್ಟಿದೆ ಅನ್ನುವುದಕ್ಕೆ ಒಂದು ಗುರುತು, ಅಷ್ಟೇ. ನೋವಿನಿಂದಲೋ, ಕೀಲು ಬಿಗಿದೋ, ನರ ಕೆಟ್ಟೋ ಹೆಜ್ಜೆ ಏರುಪೇರಾದರೆ ಅದೆಲ್ಲವೂ ಕುಂಟೇ. ಕೆಲಸ ತಪ್ಪಿಸಿಕೊಳ್ಳಲು ಕುದುರೆ ಕುಂಟುನೆಪ ಹೂಡಿದೆ ಅಂತ ಬಯ್ಯುವವರೂ ಇದ್ದಾರೆ. ನೆಪ ಹುಡುಕುವುದು ಮನುಷ್ಯರ ಅಭ್ಯಾಸ. ಕುದುರೆ ಕುಂಟಿದರೆ ಮೊದಲು ಕಾರಣ ಹುಡುಕಬೇಕು.

ಯಾವ ಕಾಲು ಅನ್ನುವುದೇ ಮೊದಲ ತೊಡಕು. ನಡಿಗೆಯಲ್ಲಿ ಕಾಣದ ಕುಂಟು ಟ್ರಾಟ್‌ನಲ್ಲಿ ಕಾಣುತ್ತದೆ. ಟ್ರಾಟ್ ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ. ಅದರಲ್ಲಿ ಎಡ ಮುಂಗಾಲೂ ಬಲ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ, ಆಮೇಲೆ ಇನ್ನೆರಡು. ಎರಡೇ ಪೆಟ್ಟಿನ ತಾಳ. ತಪ್ಪಿದರೆ ಗಟ್ಟಿ ನೆಲದ ಮೇಲೆ ಕಿವಿಗೂ ಗೊತ್ತಾಗುತ್ತದೆ. ನೋವಿನ ಮುಂಗಾಲು ನೆಲ ಮುಟ್ಟುವಾಗ ಕುದುರೆ ತಲೆ ಮೇಲೆತ್ತುತ್ತದೆ, ಭಾರ ತಪ್ಪಿಸಿಕೊಳ್ಳಲು. ಸರಿಯಿರುವ ಕಾಲು ಊರುವಾಗ ತಲೆ ಕೆಳಗಿಳಿಯುತ್ತದೆ. ಹೊಸಬರು ಇದನ್ನು ಉಲ್ಟಾ ಓದಿ ಚೆನ್ನಾಗಿರುವ ಕಾಲನ್ನೇ ಹಿಡಿದು ನೋಡುತ್ತಾರೆ. ಹಿಂಗಾಲಿನದಾದರೆ ಸೊಂಟದ ಏರಿಳಿತ ನೋಡಬೇಕು. ಎರಡೂ ಮುಂಗಾಲು ಒಂದೇ ಸಮ ನೋಯುತ್ತಿದ್ದರೆ ಇನ್ನೂ ಕಷ್ಟ. ತಲೆ ಅಲ್ಲಾಡುವುದೇ ಇಲ್ಲ, ಹೆಜ್ಜೆ ಮಾತ್ರ ಗಿಡ್ಡವಾಗುತ್ತದೆ.

ಅಮೆರಿಕದ ಕುದುರೆ ವೈದ್ಯರ ಸಂಘದ ಅಳತೆಯಲ್ಲಿ ಕುಂಟಿಗೆ 0ಯಿಂದ 5ರವರೆಗೆ ಅಂಕ. 0 ಅಂದರೆ ಕುಂಟೇ ಕಾಣದು. 3 ಅಂದರೆ ಟ್ರಾಟ್‌ನಲ್ಲಿ ಪ್ರತಿ ಸಲವೂ ಕಾಣುತ್ತದೆ. 4 ಅಂದರೆ ನಡಿಗೆಯಲ್ಲೇ ಎದ್ದು ಕಾಣುತ್ತದೆ. 5 ಅಂದರೆ ಆ ಕಾಲಿನ ಮೇಲೆ ಭಾರ ಹಾಕುವುದೇ ಇಲ್ಲ ಅನ್ನುವಷ್ಟು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಈ ಅಂಕ ಹೇಳುವುದು ಕುಂಟು ಎಷ್ಟು ಜಾಸ್ತಿ ಅನ್ನುವುದನ್ನು. ಕಾಯಿಲೆ ಎಷ್ಟು ದೊಡ್ಡದು ಅನ್ನುವುದನ್ನಲ್ಲ.

ಮೊದಲು ಹೇಳಿದ ಕುದುರೆಯನ್ನೇ ನೋಡಿ. ಅದರದು ಹೆಚ್ಚುಕಡಿಮೆ 5. ರಾತ್ರಿ ಬೆಳಗಾಗುವುದರಲ್ಲಿ ಇಷ್ಟು ಜೋರಾಗಿ ಬರುವ ಕುಂಟಿಗೆ ಬಹಳ ಸಲ ಕಾರಣ ಗೊರಸಿನೊಳಗಿನ ಕೀವು. ಕುದುರೆ ನಿಂತಿರುವುದು ಪ್ರತಿ ಕಾಲಿನ ಒಂದೇ ಒಂದು ಬೆರಳಿನ ಮೇಲೆ. ಗೊರಸು ಅಂದರೆ ನಮ್ಮ ನಡುಬೆರಳಿನ ಉಗುರು ಅಂತ ಇಟ್ಟುಕೊಳ್ಳಿ. ನಾವು ಮುಂಗಾಲಿನ ಮಂಡಿ ಅನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಉಗುರುಸುತ್ತು ಆದವರಿಗೆ ಆ ಮಿಡಿಯುವ ನೋವು ಗೊತ್ತಲ್ವಾ? ಅದೇ ಉಗುರಿನ ಮೇಲೆ 500 ಕಿಲೋ ಮೈಯ ಪಾಲನ್ನು ಹೊರಬೇಕು ಅಂದರೆ? ಅದರಲ್ಲೂ ನೂರಕ್ಕೆ ಸುಮಾರು 60 ಪಾಲು ಭಾರ ಬೀಳುವುದು ಮುಂಗಾಲುಗಳ ಮೇಲೇ. ಗೊರಸಿನ ಗೋಡೆ ಗಟ್ಟಿ, ಹಿಗ್ಗುವುದಿಲ್ಲ. ಒಳಗೆ ಒಂದಿಷ್ಟೇ ಕೀವು ಕಟ್ಟಿದರೂ ಹೋಗಲು ಜಾಗವಿಲ್ಲ.

ಬರುವ ದಾರಿ ಹಲವು. ಮಳೆಗೆ ಮೆತ್ತಗಾದ ಗೊರಸು ಒಣಗಿ ಬಿರುಕು ಬಿಡುತ್ತದೆ, ಅದರಲ್ಲಿ ಕೊಳಕು ಸೇರುತ್ತದೆ. ಕಲ್ಲು ಒತ್ತುತ್ತದೆ. ಲಾಳ ಹೊಡೆದ ಕೆಲವೇ ದಿನದಲ್ಲಿ ಕುಂಟು ಬಂದರೆ ಮೊದಲು ಆ ಲಾಳದ ಮೊಳೆಗಳನ್ನೇ ಅನುಮಾನಿಸಬೇಕು. ಮೈಸೂರಿನ ಟಾಂಗಾ ಕುದುರೆಗೂ ಬೆಂಗಳೂರಿನ ರೇಸ್ ಕುದುರೆಗೂ ಈ ಮಾತು ಒಂದೇ. ವೈದ್ಯರು ಗೊರಸು ಮುಟ್ಟಿ ಬಿಸಿ ನೋಡುತ್ತಾರೆ. ಗೊರಸಿನ ಮೇಲಿನ ಗಂಟಿನ ಹತ್ತಿರ ನಾಡಿ ಜೋರಾಗಿ ಹೊಡೆಯುತ್ತಿದೆಯಾ ಅಂತ ಹಿಡಿದು ನೋಡುತ್ತಾರೆ. ಆಮೇಲೆ ಉದ್ದ ಹಿಡಿಯ ಇಕ್ಕಳದಿಂದ ಅಂಗಾಲನ್ನು ಇಂಚಿಂಚಾಗಿ ಒತ್ತುತ್ತಾರೆ. ಒಂದು ಕಡೆ ಒತ್ತಿದಾಗ ಕುದುರೆ ಕಾಲು ಕಿತ್ತುಕೊಂಡರೆ ಜಾಗ ಸಿಕ್ಕಿತು. ಅಲ್ಲಿ ಸ್ವಲ್ಪ ಕೆತ್ತಿದರೆ ಕಪ್ಪು, ಗಬ್ಬುನಾತದ ಕೀವು ಹೊರಬರುತ್ತದೆ. ಒಂದೆರಡು ದಿನದಲ್ಲಿ ಕುದುರೆ ಏನೂ ಆಗಿಲ್ಲ ಅನ್ನುವ ಹಾಗೆ ನಡೆಯುತ್ತದೆ. ಧನುರ್ವಾಯು ಚುಚ್ಚುಮದ್ದು ಮಾತ್ರ ಮರೆಯಬಾರದು, ಕುದುರೆಗೆ ಅದು ಬಹಳ ಬೇಗ ತಗಲುತ್ತದೆ.

ಇಷ್ಟು ಸುಲಭವಾಗಿ ಸಿಗದ ದಿನಗಳೇ ಜಾಸ್ತಿ ಕಾಡುವುದು. ಕೀವು ಆಳದಲ್ಲಿದ್ದರೆ ಇಕ್ಕಳಕ್ಕೂ ಸಿಗದಿರಬಹುದು, ಎಕ್ಸ್‌ರೇಗೂ ಕಾಣದಿರಬಹುದು. ಕಾಲು ಮೇಲ್ಗಡೆ ಊದಿ, ಎಲ್ಲರೂ ಸ್ನಾಯುರಜ್ಜು ಹರಿದಿದೆ ಅಂದುಕೊಂಡು ಅಲ್ಲಿಗೆ ಪಟ್ಟಿ ಸುತ್ತುತ್ತಾರೆ. ಕೆಲವು ದಿನ ಕಳೆದ ಮೇಲೆ ಗೊರಸೂ ಕೂದಲೂ ಸೇರುವ ಅಂಚಿನಲ್ಲಿ ಅದು ತಾನೇ ಒಡೆಯುತ್ತದೆ.

ಇದಕ್ಕೆ ತದ್ವಿರುದ್ಧ ಕೂದಲೆಳೆಯ ಬಿರುಕು. ರೇಸ್ ಕುದುರೆಗಳಲ್ಲಿ ಇದು ಜಾಸ್ತಿ. ಓಡಿ ಓಡಿ ದಣಿದ ಮೂಳೆಯಲ್ಲಿ ಸಣ್ಣ ಸೀಳು. ಜೋರು ಕೆಲಸದ ಮರುದಿನ ಕುಂಟು, ಎರಡು ದಿನ ಬಿಟ್ಟರೆ ಎಷ್ಟೋ ವಾಸಿ. ಮೊದಲ ಎಕ್ಸ್‌ರೇ ಸ್ವಚ್ಛವಾಗಿಯೇ ಇರಬಹುದು. ಹತ್ತು ಹದಿನಾಲ್ಕು ದಿನದಲ್ಲಿ ಸೀಳಿನ ಅಂಚು ಕರಗಿ ಗೆರೆ ಅಗಲವಾಗುತ್ತದೆ, ಆಗ ಇನ್ನೊಮ್ಮೆ ತೆಗೆದರೆ ಕಾಣುತ್ತದೆ. ಅಷ್ಟರಲ್ಲಿ ‘ಸರಿಹೋಯ್ತು’ ಅಂತ ಓಡಿಸಿದರೆ ಮೂಳೆ ಎರಡು ತುಂಡಾಗಬಹುದು. ಅಂದರೆ 2 ಅಂಕದ ಈ ಕುಂಟು 5 ಅಂಕದ ಆ ಕೀವಿಗಿಂತ ಅಪಾಯದ್ದು. ನೋವಿನ ಪುಡಿ ಬ್ಯೂಟ್ ಹಾಕಿ ವೈದ್ಯರನ್ನು ಕರೆಯುವ ಅಭ್ಯಾಸ ನನಗೆ ಸರಿಕಾಣದಿರುವುದು ಇದಕ್ಕೇ. ವೈದ್ಯರು ಬರುವ ಹೊತ್ತಿಗೆ ಕುಂಟು ಅಡಗಿರುತ್ತದೆ, ಮೂಳೆ ಹಾಗೇ ಇರುತ್ತದೆ. ಅಂಗಾಲಿಗೆ ಮೊಳೆ ಚುಚ್ಚಿದ್ದು ಕಂಡರೂ ಹಾಗೇ, ವೈದ್ಯರು ಬರುವ ಮೊದಲೇ ಕಿತ್ತು ಗುರುತು ಅಳಿಸಬಾರದು. ಕುದುರೆಯನ್ನು ನಡೆಸದೆ, ಮೊಳೆ ಇನ್ನೂ ಒಳಗೆ ಹೋಗದ ಹಾಗೆ ಕಾಪಾಡಿದರೆ ಎಕ್ಸ್‌ರೇಯಲ್ಲಿ ಅದು ಎಲ್ಲಿಯವರೆಗೆ ಹೋಗಿದೆ ಅಂತ ಗೊತ್ತಾಗುತ್ತದೆ.

ಒಂದು ಕಾಲಿನ ಕುಂಟು ಅಲ್ಲಿಗೇ ನಿಲ್ಲುವುದೂ ಇಲ್ಲ. 2006ರ ಮೇ ತಿಂಗಳಲ್ಲಿ ಅಮೆರಿಕದ ಪ್ರೀಕ್‌ನೆಸ್ ರೇಸ್‌ನಲ್ಲಿ ಬಾರ್ಬಾರೋ ಅನ್ನುವ ಕುದುರೆಯ ಬಲ ಹಿಂಗಾಲು ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಕೂಡಿಸಿದರು. ಆದರೆ ಭಾರ ಹೊತ್ತ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು. ಮೂಳೆಯನ್ನೂ ಗೊರಸಿನ ಗೋಡೆಯನ್ನೂ ಹಿಡಿದಿಟ್ಟ ಪದರ ಕೆಡುವ ಕಾಯಿಲೆ ಅದು. ಕೊನೆಗೆ ಮುಂಗಾಲುಗಳಿಗೂ ಬಂತು. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಟ್ಟರು.

ಎಲ್ಲಿ ನೋವು ಅಂತ ಗೊತ್ತಾಗದಿದ್ದಾಗ ವೈದ್ಯರು ಬಳಸುವ ಉಪಾಯ ನರ್ವ್ ಬ್ಲಾಕ್. ಕಾಲಿನ ಕೆಳತುದಿಯ ನರದ ಹತ್ತಿರ ಮರಗಟ್ಟಿಸುವ ಔಷಧ ಚುಚ್ಚಿ, ಕೆಲವು ನಿಮಿಷ ಕಾದು, ಮತ್ತೆ ಟ್ರಾಟ್ ಮಾಡಿಸುತ್ತಾರೆ. ಕುಂಟು ಹಾಗೇ ಇದ್ದರೆ ಸ್ವಲ್ಪ ಮೇಲೆ ಇನ್ನೊಂದು. ಹೀಗೆ ಕೆಳಗಿನಿಂದ ಮೇಲಕ್ಕೆ. ಮೂಳೆ ಬಿರಿದ ಅನುಮಾನ ಇದ್ದರೆ ಮಾತ್ರ ಇದನ್ನು ಮಾಡುವುದಿಲ್ಲ, ನೋವಿಲ್ಲ ಅಂತ ಕುದುರೆ ಪೂರ್ತಿ ಭಾರ ಹಾಕಿಬಿಟ್ಟರೆ ಕಷ್ಟ. ಒಂದು ಚುಚ್ಚುಮದ್ದಿಗೆ ಕುಂಟು ಥಟ್ಟನೆ ನಿಂತಾಗ ಮಾಲೀಕರು ‘ವಾಸಿಯಾಯ್ತಾ ಡಾಕ್ಟ್ರೇ?’ ಅಂತ ಕೇಳುತ್ತಾರೆ. ಇಲ್ಲ, ನೋವಿನ ಜಾಗ ಸಿಕ್ಕಿತು, ಅಷ್ಟೇ. ಒಂದೆರಡು ಗಂಟೆಯಲ್ಲಿ ಅದು ಮತ್ತೆ ಕುಂಟುತ್ತದೆ.