ಬೆಳಗಾವಿಯ ನಕ್ಷೆ ಬರೆಯುವಾಗ ಬೆಳಗಾವಿಯವರೆಲ್ಲಿ?

ಬೆಳಗಾವಿ ಎಂದರೆ ರಾಜ್ಯದ ಉಳಿದವರಿಗೆ ಎರಡೇ ಸುದ್ದಿ: ಗಡಿ, ಇಲ್ಲವೇ ಚಳಿಗಾಲದ ಅಧಿವೇಶನ. ಊರೊಳಗಿನವರ ಮಾತು ಬೇರೆ. ತುಂಬಿದ ಗಟಾರ, ಉಕ್ಕುವ ನಾಲಾ, ಅಗೆದು ಬಿಟ್ಟ ರಸ್ತೆ. ಇದನ್ನು ಎಲ್ಲಿ ಹೇಳಬೇಕು, ಹೇಳಿದರೆ ಯೋಜನೆಯೊಳಗೆ ಅದು ಸೇರುವುದು ಹೇಗೆ ಎಂಬುದೇ ಸಿಕ್ಕಾಗಿ ಕೂತಿದೆ.

1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದದ್ದು, ಗಡಿ ಕುರಿತ 1967ರ ಮಹಾಜನ ಆಯೋಗದ ವರದಿ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಎಲ್ಲರಿಗೂ ಗೊತ್ತು. ಈ ಗಡಿ ಜಗಳ ಪಾಲಿಕೆಯನ್ನು ಏನು ಮಾಡಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಊರನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಎಂದು ಪಾಲಿಕೆ ಮಾಡಿದ ನಿರ್ಣಯದ ಬೆನ್ನಿಗೇ 2005ರಲ್ಲಿ ಅದರ ವಿಸರ್ಜನೆಯಾಯಿತು. 2011ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಸೂಪರ್‌ಸೀಡ್. 2013ರ ಮಾರ್ಚಿನಲ್ಲಿ ಮತದಾನ ನಡೆದರೂ ಮೇಯರ್ ಬಂದದ್ದು ಒಂದು ವರ್ಷದ ಮೇಲೆ. ಆ ಅವಧಿ 2019ರ ಮಾರ್ಚಿಗೆ ಮುಗಿಯಿತು. ಮುಂದಿನ ಚುನಾವಣೆ 2021ರ ಸೆಪ್ಟೆಂಬರ್ 3ರಂದು. ಮೇಯರ್ ಆಯ್ಕೆ 2023ರ ಫೆಬ್ರುವರಿ 6ರಂದು. ಅಂದರೆ ಹತ್ತಿರ ಹತ್ತಿರ ನಾಲ್ಕು ವರ್ಷ ಮೇಯರ್ ಕುರ್ಚಿ ಖಾಲಿ.

ಊರಿಗೆ ದೊಡ್ಡ ದುಡ್ಡು ಬಂದದ್ದೂ ಇದೆಲ್ಲದರ ನಡುವೆಯೇ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬೆಳಗಾವಿ ಇತ್ತು. ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ ಎಂಬುದು ಲೆಕ್ಕ. ಆಯ್ಕೆಯ ಸ್ಪರ್ಧೆಯಲ್ಲಿ ಜನಾಭಿಪ್ರಾಯ ಸಂಗ್ರಹಕ್ಕೂ ಅಂಕವಿತ್ತು, ಹಾಗಾಗಿ ಆಗ ಜನರನ್ನು ಕೇಳಿದರು. ಗೆದ್ದ ಮೇಲೆ ಕೆಲಸ ಪ್ರತ್ಯೇಕ ಕಂಪನಿಗೆ ಹೋಯಿತು. ಯಾವ ರಸ್ತೆ, ಎಷ್ಟು ಅಗಲ, ಯಾರ ಜಾಗ ಎಂಬ ಪ್ರಶ್ನೆ ಏಳುವುದು ಗುದ್ದಲಿ ಬಿದ್ದಾಗ. ಆಗ ಕೇಳುವ ಕಡ್ಡಾಯ ಯಾರಿಗೂ ಇರಲಿಲ್ಲ.

ಊರೊಳಗಿನ ಶಹಾಪುರದಿಂದ ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಗೆ ಹೋಗುವ ರಸ್ತೆಯನ್ನೇ ನೋಡಿ. ಭೂಸ್ವಾಧೀನವಿಲ್ಲದೆ ಖಾಸಗಿ ಜಾಗದಲ್ಲಿ ರಸ್ತೆ ಮಾಡಿದ್ದಕ್ಕೆ ಹೈಕೋರ್ಟಿನಲ್ಲಿ 20 ಕೋಟಿ ರೂಪಾಯಿ ಪರಿಹಾರದ ಮಾತು ಬಂತು. 2024ರಲ್ಲಿ ಜಾಗವನ್ನೇ ಮಾಲೀಕರಿಗೆ ಬಿಟ್ಟುಕೊಡಬೇಕಾಯಿತು. ಓಣಿಯ ಸಭೆಯಲ್ಲಿ ಸರ್ವೆ ನಂಬರನ್ನು ಒಮ್ಮೆ ಗಟ್ಟಿಯಾಗಿ ಓದಿದ್ದರೆ ಸಾಕಿತ್ತೇನೋ.

ಅಂಥ ಸಭೆಗೆ ಕಾನೂನಿನಲ್ಲಿ ಜಾಗವಿಲ್ಲ ಎಂದಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ಬೇಕೆಂದಿತು. 2011ರ ಜನಗಣತಿಯಲ್ಲೇ ಬೆಳಗಾವಿಯ ಜನಸಂಖ್ಯೆ ಸುಮಾರು 4.9 ಲಕ್ಷ, ವಾರ್ಡುಗಳು 58. ರಾಜ್ಯದ ಪಾಲಿಕೆ ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘದವರು ಇರಬೇಕು. ಅಧ್ಯಕ್ಷತೆ ಕಾರ್ಪೊರೇಟರದು. ಕಾರ್ಪೊರೇಟರೇ ಇಲ್ಲದ ವರ್ಷಗಳಲ್ಲಿ ಸಭೆ ಕರೆಯುವವರು ಯಾರು?

ಉಳಿಯುವುದು ಮಹಾಯೋಜನೆಗೆ, ಅಂದರೆ ಯಾವ ಜಾಗ ಯಾವುದಕ್ಕೆ ಎಂದು ಗುರುತಿಸುವ ಊರಿನ ನಕ್ಷೆಗೆ, ಆಕ್ಷೇಪಣೆ ಸಲ್ಲಿಸುವ ದಾರಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಕರಡು ಪ್ರಕಟವಾದ ಮೇಲೆ 60 ದಿನ ಸಿಗುತ್ತದೆ. ಪ್ರಕಟಣೆ ಯಾವ ಭಾಷೆಯಲ್ಲಿರಬೇಕು ಎಂಬ ತಕರಾರಿನಲ್ಲೇ ಇಲ್ಲಿ ಎಷ್ಟೋ ದಿನ ಸರಿದುಹೋಗುತ್ತವೆ. ಅದರೊಳಗೇನಿದೆ ಎಂದು ಓದುವವರು ಕಡಿಮೆ. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋದವರು ಮೊದಲು ತಮ್ಮ ಸರ್ವೆ ನಂಬರ್ ಇರುವ ಹಾಳೆ ಹುಡುಕಬೇಕು. ಆಮೇಲೆ ಬಣ್ಣ: ಹಳದಿ ಎಂದರೆ ವಸತಿ, ಹಸಿರು ಎಂದರೆ ಉದ್ಯಾನ ಅಥವಾ ಬಯಲು. ಹೊಲದ ಮೇಲೆ ರಸ್ತೆ ಹಾದಿದ್ದರೆ ಅದರ ಅಗಲ ಮೀಟರಿನಲ್ಲಿ ಎಷ್ಟಿದೆ ಎಂದು ಬರೆದುಕೊಳ್ಳಬೇಕು.

"ನಮಗೆ ಈ ರಸ್ತೆ ಬೇಡ" ಎಂದು ನೂರು ಜನ ಸಹಿ ಹಾಕಿದ ಅರ್ಜಿಗೆ ಒಂದೇ ಸಾಲಿನ ಉತ್ತರ ಸಾಕಾಗುತ್ತದೆ. ಉತಾರದ (ಪಹಣಿಯ) ಪ್ರತಿ, ಕೈನಕ್ಷೆ, ನೀರು ನಿಲ್ಲುವ ಜಾಗದ ಫೋಟೊ, ಬದಲಿ ದಾರಿಯ ಗುರುತು ಇರುವ ಅರ್ಜಿಯನ್ನು ತಳ್ಳಿಹಾಕಲು ಕಾರಣ ಬರೆಯಬೇಕಾಗುತ್ತದೆ. ಬೆಳಗಾವಿಯ ಬಳ್ಳಾರಿ ನಾಲಾದ ನೀರು ಮಳೆಗಾಲದಲ್ಲಿ ಯಾವ ಬದುವಿನ ತನಕ ಬರುತ್ತದೆ ಎಂಬುದು ಶಹಾಪುರ, ವಡಗಾವಿ ಕಡೆಯ ಭತ್ತದ ರೈತರಿಗೆ ಬಾಯಿಪಾಠ. ನಕ್ಷೆಯಲ್ಲಿ ಅದೊಂದು ತೆಳು ಗೆರೆ. ಆ ಬದುವಿನ ಗುರುತು ಕಾಗದದ ಮೇಲೆ ಬಾರದಿದ್ದರೆ ಗೆರೆಯ ಪಕ್ಕದಲ್ಲೇ ಹಳದಿ ಬಣ್ಣ ಬೀಳುತ್ತದೆ.

ಅರ್ಜಿ ಕೊಟ್ಟು ಬರಿಗೈಲಿ ಬರಬಾರದು. ಸೀಲು, ತಾರೀಖು ಇರುವ ಸ್ವೀಕೃತಿ ಪ್ರತಿ ಕೈಯಲ್ಲಿಲ್ಲದಿದ್ದರೆ 61ನೇ ದಿನ ಅದು ಬಂದೇ ಇಲ್ಲ ಎನ್ನಲು ಕಷ್ಟವೇನಿಲ್ಲ.