ಮೊದಲ ತಿಂಗಳು ಪಾಟಿ ಬೇಡ

ಜೂನ್ ಮೊದಲ ವಾರ ಬಾಗಲಕೋಟೆಯ ಯಾವ ಎಲ್‌ಕೆಜಿ ತರಗತಿಯ ಬಾಗಿಲಲ್ಲಿ ನಿಂತರೂ ಪಾಲಕರ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: 'ಇಂದು ಏನು ಬರೆಸಿದಿರಿ, ಅಕ್ಕೋರೇ?' ಈ ಪ್ರಶ್ನೆಗೆ ಅಂಜಿ ಅನೇಕ ಶಿಕ್ಷಕಿಯರು ಎರಡನೆಯ ದಿನವೇ ಮಕ್ಕಳ ಕೈಗೆ ಪಾಟಿ (ಸ್ಲೇಟು), ಪೇಣೆ (ಬಳಪ) ಕೊಟ್ಟು ಗೆರೆ ತಿದ್ದಿಸಲು ಕೂರುತ್ತಾರೆ. ಶಿಶುವಿಹಾರದ ಶಿಕ್ಷಕಿಯರಿಗೆ ತರಬೇತಿ ಕೊಡುವ ನಾನು ಅವರಲ್ಲಿ ಬೇಡಿಕೊಳ್ಳುವುದು ಒಂದೇ. ಮೊದಲ ತಿಂಗಳು ಅಕ್ಷರದ ಮಾತು ಬೇಡ. ಅವ್ವ ಹೋದರೂ ಮರಳಿ ಬರುತ್ತಾಳೆ, ಬಚ್ಚಲು ಇಲ್ಲಿದೆ, ಇಲ್ಲಿ ಎಲ್ಲರಿಗೂ ನನ್ನ ಹೆಸರು ಗೊತ್ತು. ಮಗುವಿಗೆ ಇಷ್ಟು ಮನವರಿಕೆಯಾಗಲು ಒಂದು ತಿಂಗಳು ಹೆಚ್ಚೇನಲ್ಲ.

ಬೀಳ್ಕೊಡುವುದನ್ನೂ ಚಟುವಟಿಕೆಯಾಗಿಯೇ ಯೋಜಿಸಬೇಕು. ಮಗು ಆಟಿಕೆ ನೋಡುತ್ತಿರುವಾಗ ತಾಯಿ ಮೆಲ್ಲಗೆ ಜಾರಿಕೊಳ್ಳುವುದು ನಮ್ಮಲ್ಲಿ ರೂಢಿ. ಆ ದಿನದ ಅಳು ತಪ್ಪಬಹುದು, ಮರುದಿನ ಮಗು ಸೆರಗು ಬಿಡುವುದಿಲ್ಲ. ಹೇಳಿಯೇ ಹೋಗಲಿ, ಮರಳುವ ಹೊತ್ತನ್ನೂ ಮಗುವಿಗೆ ತಿಳಿಯುವಂತೆ ಹೇಳಲಿ. 'ಹನ್ನೆರಡಕ್ಕೆ ಬರುತ್ತೇನೆ' ಎಂದರೆ ನಾಲ್ಕು ವರ್ಷದ ಮಗುವಿಗೆ ಏನೂ ಅರ್ಥವಾಗದು. 'ಬುತ್ತಿ ಉಂಡು, ಹಾಡು ಮುಗಿದ ಮೇಲೆ ಬರುತ್ತೇನೆ' ಎಂದರೆ ಅರ್ಥವಾಗುತ್ತದೆ. ಇದಕ್ಕೆ ಹೊಂದುವಂತೆ ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರದಲ್ಲಿ ದಿನದ ಕ್ರಮವನ್ನು ಚಿತ್ರಗಳಲ್ಲಿ ಅಂಟಿಸಿ: ಪ್ರಾರ್ಥನೆ, ಆಟ, ಬುತ್ತಿ, ಹಾಡು, ಮನೆಗೆ ಹೋಗುವುದು. ಒಂದೊಂದು ಮುಗಿದಂತೆ ಆ ಚಿತ್ರದ ಮೇಲೆ ಬಟ್ಟೆಯ ಚಿಮಟ ಸಿಕ್ಕಿಸಿ. ಅಳುವ ಮಗುವನ್ನು ಎತ್ತಿಕೊಂಡು ಹೋಗಿ ಇನ್ನೆಷ್ಟು ಚಿತ್ರ ಉಳಿದಿವೆ ಎಂದು ತೋರಿಸಬಹುದು. ಮೊದಲ ವಾರ ಒಂದೂವರೆ ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಸಾಧ್ಯವಿದ್ದರೆ ಅರ್ಧ ಮಕ್ಕಳನ್ನು ಮುಂಜಾನೆ, ಉಳಿದವರನ್ನು ಅನಂತರ ಕರೆಯಿರಿ.

ಓದಲು ಬಾರದ ಮಗುವಿಗೂ ತನ್ನ ಗುರುತು ಬೇಕು. ಪ್ರತಿ ಮಗುವಿಗೂ ಒಂದು ಚಿತ್ರ ಕೊಡಿ: ಎತ್ತು, ಗಿಳಿ, ಬಾಳೆಹಣ್ಣು, ಸೈಕಲ್. ಅದೇ ಚಿತ್ರ ಚೀಲ ತೂಗುವ ಗೂಟದ ಮೇಲೆ, ನೀರಿನ ಲೋಟದ ಮೇಲೆ, ಹಾಜರಿಯ ಚೀಟಿಯ ಮೇಲೆ ಇರಲಿ. ಬಂದೊಡನೆ ತನ್ನ ಚೀಟಿಯನ್ನು 'ಮನೆ'ಯ ಚಿತ್ರದಿಂದ ತೆಗೆದು 'ಶಾಲೆ'ಯ ಚಿತ್ರದ ಕೆಳಗೆ ಇಡುವುದು ಮಗುವಿನ ಮೊದಲ ಕೆಲಸ. ಚಿತ್ರದ ಪಕ್ಕದಲ್ಲಿ ಹೆಸರನ್ನೂ ಬರೆದಿಡಿ. ದಿನವೂ ನೋಡುತ್ತಿದ್ದರೆ ಆ ಅಕ್ಷರಗಳ ರೂಪ ಕಣ್ಣಿಗೆ ಪರಿಚಯವಾಗುತ್ತದೆ.

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಮೊದಲ ವಾರದ ಅರ್ಧ ಅಳುವಿಗೆ ಮೂಲ ಅಲ್ಲಿರುತ್ತದೆ. ಅಪರಿಚಿತ ಕತ್ತಲೆ ಕೋಣೆ, ಹಾಕಿಕೊಳ್ಳುವ ಬಾಗಿಲು, ಕೈಗೆಟುಕದ ನಲ್ಲಿ. ಹೇಳಲು ಹೆದರಿ ಮಗು ತಡೆದುಕೊಂಡೇ ಕೂರುತ್ತದೆ. ದಿನವೂ ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿ, ನಲ್ಲಿ ತಿರುಗಿಸಲು ಬಿಡಿ. ಒಂದಕ್ಕೆ ಹೋಗಬೇಕಾದರೆ ಮನೆಯಲ್ಲಿ ಮಗು ಯಾವ ಮಾತು ಬಳಸುತ್ತದೆ ಎಂದು ಪ್ರವೇಶದ ದಿನವೇ ತಾಯಿಯನ್ನು ಕೇಳಿ ಬರೆದುಕೊಳ್ಳಿ.

ಏಕೆಂದರೆ ನಮ್ಮ ತರಗತಿಗಳಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ಲಂಬಾಣಿ ತಾಂಡಾದಿಂದ ಬಂದ ಮಗು ತಾಯಿಯನ್ನು 'ಯಾಡಿ' ಎನ್ನುತ್ತದೆ, ಉರ್ದು ಮನೆಯ ಮಗು 'ಅಮ್ಮಿ' ಎನ್ನುತ್ತದೆ, ಬೆಳಗಾವಿಯ ಕಡೆಗೆ ಹೋದರೆ ಮರಾಠಿಯ 'ಆಯಿ'. ನೀರು, ಹಸಿವು, ನೋವು, ನಿದ್ದೆ, ಅವ್ವ, ಬಚ್ಚಲು: ಈ ಮಾತುಗಳಾದರೂ ಆಯಾ ಮಗುವಿನ ಭಾಷೆಯಲ್ಲಿ ಶಿಕ್ಷಕಿಗೆ ಬರಲೇಬೇಕು. ಶಾಲೆಯ ಅಂಗಳದಲ್ಲಿ ಎಲ್ಲರೂ ದುಂಡಗೆ ಕುಳಿತು ಚೆಂಡು ಉರುಳಿಸುತ್ತ ಒಬ್ಬರ ಹೆಸರನ್ನು ಇನ್ನೊಬ್ಬರು ಕೂಗುವ ಆಟಕ್ಕೆ ಯಾವ ಭಾಷೆಯೂ ಅಡ್ಡಿಯಲ್ಲ. ಮಾತಾಡದ ಮಗುವಿಗೆ ಚೆಂಡು ಬಂದಾಗ ಒತ್ತಾಯಿಸಬೇಡಿ. ಉರುಳಿಸಿದರೆ ಸಾಕು.

ಇನ್ನು ಕೈಬೆರಳಿನ ಕೆಲಸ. ನನಗೆ ಅತಿ ಪ್ರಿಯವಾದದ್ದು ಇದೇ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಮೃದ್ವಸ್ಥಿಯಾಗಿರುತ್ತವೆ, ಆಮೇಲೆ ಹಲವು ವರ್ಷಗಳಲ್ಲಿ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷದ ಮಗುವಿನಲ್ಲಿ ಆ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ವೃತ್ತವನ್ನು, ನಾಲ್ಕಕ್ಕೆ ಕೂಡು ಚಿಹ್ನೆಯನ್ನು, ಐದಕ್ಕೆ ತ್ರಿಕೋನವನ್ನು ಮಗು ನೋಡಿ ಬರೆಯಬಲ್ಲದು. ಹೀಗಿರುವಾಗ ಎಲ್‌ಕೆಜಿಯ ಮೊದಲ ವಾರ 'ಅ' ಬರೆ ಎಂದರೆ ಹೇಗೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಒಂದನೇ ತರಗತಿಯ ಮಕ್ಕಳೂ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ ಎಂದೇ ಶುರು ಮಾಡುತ್ತಾರೆ.

ಪಾಟಿಯ ಬದಲು ಎರೆಮಣ್ಣು ಕೊಡಿ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಬರುವ ಈ ಹಬ್ಬಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ? ಮಣ್ಣನ್ನು ಜರಡಿ ಹಿಡಿದು ಹರಳು, ಗಾಜಿನ ಚೂರು ತೆಗೆದು, ಕಲಸಿ ಒದ್ದೆ ಬಟ್ಟೆ ಮುಚ್ಚಿಡಿ. ಮೊದಲ ವಾರ ಬರೀ ಹಿಸುಕಲಿ, ಎರಡನೆಯ ವಾರ ಉಂಡೆ ಕಟ್ಟಲಿ, ಬತ್ತಿ ಹೊಸೆಯಲಿ. ಹಬ್ಬ ಹತ್ತಿರವಾದಾಗ ಕಾಲು, ಕೋಡು, ಹಿಣಿಲು ಚಿವುಟಿ ಎಳೆಯಲಿ. ಚಿವುಟಲು ಕೂಡುವ ಮೂರು ಬೆರಳುಗಳೇ ಮುಂದೆ ಪೇಣೆ ಹಿಡಿಯಬೇಕಾದವು. ಎತ್ತು ಎತ್ತಿನಂತೆ ಕಾಣದಿದ್ದರೆ ದಯವಿಟ್ಟು ನೀವು ತಿದ್ದಬೇಡಿ. ಹಸಿ ಮಣ್ಣು ಮುಟ್ಟಲು ಒಲ್ಲೆ ಎನ್ನುವ ಮಕ್ಕಳಿಗೆ ಉಪ್ಪು ಬೆರೆಸಿದ ಗೋಧಿ ಹಿಟ್ಟಿನ ಕಣಕ ಆಗುತ್ತದೆ.

ಜೋಡಿ ಹುಡುಕುವ ಆಟಕ್ಕೆ ದುಡ್ಡು ಕೊಟ್ಟು ಪ್ಲಾಸ್ಟಿಕ್ ಸಾಮಾನು ತರಬೇಕಿಲ್ಲ. ದರ್ಜಿಯ ಬಳಿ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಣುಕುಗಳು ಸಿಗುತ್ತವೆ. ಒಂದೇ ಬಣ್ಣ, ಒಂದೇ ಹೂವಿನ ಎರಡೆರಡು ತುಣುಕು ಕತ್ತರಿಸಿ ಬೆರೆಸಿಡಿ. ಆದರೆ ಶೇಂಗಾ, ಕಡಲೆ, ಹುಣಸೆ ಬೀಜಗಳನ್ನು ಈ ವಯಸ್ಸಿನವರಿಗೆ ಎಣಿಸಲು ಕೊಡಬೇಡಿ. ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ, ಗಂಟಲಿಗೂ ಸಿಕ್ಕಬಹುದು. ಗುಲಗಂಜಿಯಂತೂ ವಿಷ, ಶಾಲೆಯೊಳಗೇ ಬರಬಾರದು.

ಪಾಲಕರ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ಕೊಡುವುದಕ್ಕಿಂತ ಅವರನ್ನು ಒಂದು ಮುಂಜಾನೆ ಒಳಗೆ ಕೂರಿಸಿ. ಮಗ ತಾನೇ ಚೀಲ ತೂಗುಹಾಕಿ ಕೈ ತೊಳೆದು ಬರುವುದನ್ನು ಕಂಡ ತಾಯಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದ ಮನೆಗಳ ಮಕ್ಕಳು ತಡವಾಗಿ, ಕೆಲವೊಮ್ಮೆ ಜುಲೈಯಲ್ಲಿ ಬಂದು ಸೇರುತ್ತಾರೆ. ಆ ವೇಳೆಗೆ ತರಗತಿ ಮುಂದೆ ಹೋಗಿರುತ್ತದೆ. ಅವರಿಗೆಂದು ಕೆಲವು ಗೂಟಗಳನ್ನೂ ಚಿತ್ರಗಳನ್ನೂ ಮೊದಲೇ ಖಾಲಿ ಇಟ್ಟಿರಿ. ಬಚ್ಚಲು, ನಲ್ಲಿ, ಹಾಜರಿಯ ಚೀಟಿ ತೋರಿಸುವ ಕೆಲಸವನ್ನು ಆ ಮಗುವಿನ ಮನೆಮಾತು ಬಲ್ಲ ಇನ್ನೊಂದು ಮಗುವಿಗೆ ಒಪ್ಪಿಸಿ.